ಗಂಗಾಮಣಿ ಆಡದ ಮಾತು

ಮಗಳು ತಡವರಿಸದೆ ಮಾತಾಡಿದ್ದನ್ನು ಭದ್ರಮ್ಮ ಮೊದಲ ಸಲ ಕೇಳಿದ್ದು ಕಾಫಿ ಗಿಡದ ಮರೆಯಲ್ಲಿ ನಿಂತು.

ಕೊಯ್ಲಿನ ಕಾಲ. ಬೆಳಗಿನ ಮಂಜು ಇನ್ನೂ ಎಲೆಯಿಂದ ತೊಟ್ಟಿಕ್ಕುತ್ತಿತ್ತು. ಭದ್ರಮ್ಮ ರೆಂಬೆ ಬಗ್ಗಿಸಿ, ಅದನ್ನು ತೊಡೆಗೆ ಒತ್ತಿ ಹಿಡಿದುಕೊಂಡು, ಎರಡೂ ಕೈಯಲ್ಲಿ ಹಣ್ಣು ಸುಲಿಯುತ್ತಿದ್ದಳು. ಕೆಂಜಿಗ ಇರುವೆ ರವಿಕೆಯೊಳಗೆ ಇಳಿದು ಕಚ್ಚುತ್ತಿತ್ತು. ತೆಗೆದು ಹಾಕಲು ಕೈ ಬಿಡುವಿರಲಿಲ್ಲ. ಆಗ ಕೆಳಗಿನ ಜೀಪ್ ದಾರಿಯಿಂದ ಕೂಗು ಬಂತು.

"ಆಲೂರ್, ಪಾಳ್ಯ, ಬಾಳ್ಳುಪೇಟೆ, ಸಕ್ಲೇಶ್‌ಪುರ. ಯಾರ್ರೀ ಪಾಳ್ಯ, ಇಳೀರಿ. ಅಜ್ಜಿ, ನಿಮ್ ಕೋಳಿ ಬುಟ್ಟಿ ಕಾಲಡೀಕ್ ಇಟ್ಕೊಳ್ರಿ."

ಭದ್ರಮ್ಮನ ಕೈಯಿಂದ ರೆಂಬೆ ಜಾರಿತು. ಚಿಮ್ಮಿ ಮುಖಕ್ಕೆ ಹೊಡೆಯಿತು. ಆ ದನಿ ಗಂಗಾಮಣಿಯದು. ಅವಳ ಏಳು ವರ್ಷದ ಮಗಳದು. ಭದ್ರಮ್ಮ ಗಿಡದ ಸಂದಿನಿಂದ ಇಣುಕಿದಳು. ದಾರಿಯಲ್ಲಿ ಎರಡು ಮಕ್ಕಳು. ಮುಂದಿದ್ದವಳು ರೈಟರ್ ಮಗಳು ಮಧುಶ್ರೀ, ಸ್ಟಿಯರಿಂಗ್ ಹಿಡಿದವಳ ಹಾಗೆ ಕೈ ತಿರುಗಿಸುತ್ತಿದ್ದಳು. ಹಿಂದೆ ಗಂಗಾಮಣಿ, ಹೆಗಲಿಗೆ ಶಾಲೆಯ ಚೀಲ ನೇತುಹಾಕಿಕೊಂಡು, ಎಲೆ ಹರಿದು ಹರಿದು ಗಾಳಿಗೆ ಟಿಕೆಟ್ ಕೊಡುತ್ತಿದ್ದಳು.

ಹುಟ್ಟಿದಾಗಿನಿಂದ ಈ ಮಗುವಿಗೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. 'ಅವ್ವ' ಅನ್ನಲು ಹೋದರೆ ಕಣ್ಣು ಮುಚ್ಚಿಹೋಗುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು. ಗಲ್ಲ ಅದುರುತ್ತಿತ್ತು. ಲೈನಿನಲ್ಲಿ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಗಳಲ್ಲಿ, ಎಲ್ಲರೂ ಅವಳನ್ನು ಉಗ್ಗಿ ಎಂದೇ ಕರೆಯುತ್ತಿದ್ದರು. ಎಲ್ಲರಿಗೂ ಅವಸರ. ಅವಳು 'ನೀ' ಅನ್ನುವಷ್ಟರಲ್ಲಿ 'ನೀರಾ, ತಗೋ' ಎಂದು ಚೊಂಬು ಮುಂದಿಡುತ್ತಿದ್ದರು. ಕೆಲವೊಮ್ಮೆ ಅವಳಿಗೆ ಬೇಕಾಗಿದ್ದು ನೀರಲ್ಲ. ಆದರೂ ಕುಡಿಯುತ್ತಿದ್ದಳು. ಭದ್ರಮ್ಮನೂ ಹಾಗೇ ಮಾಡುತ್ತಿದ್ದಳು. ಕತ್ತಲಿರುವಾಗಲೇ ಎದ್ದು ಮುದ್ದೆ ತೊಳಸಿ ಬೆಳಗಿನ ಹಾಜರಿಗೆ, ಮಸ್ಟರಿಗೆ, ಓಡಬೇಕು. ಬೆನ್ನು ಮುರಿಯುವವರೆಗೆ ಮೂಟೆ ಹೊರಬೇಕು. ಮಗುವಿನ ಮಾತು ಮುಗಿಯಲಿ ಎಂದು ಕಾಯುವ ಪುರಸತ್ತು ಯಾವ ಆಳಿಗಿದೆ?

ಎಸ್ಟೇಟ್ ಗೇಟಿನ ಆಚೆಯ ಶಾಲೆಯಲ್ಲಿ ಲೈನಿನ ಮಕ್ಕಳು ಕೂರುವುದು ಕೊನೆಯ ಸಾಲಿನಲ್ಲಿ. ಆ ಸಾಲಿನಲ್ಲೂ ಕೊನೆಯವಳು ಗಂಗಾಮಣಿ. ಮೇಷ್ಟ್ರು ಅವಳನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಅವಳು ಬಾಯಿ ಬಿಡದೆಯೇ ಎರಡನೇ ಕ್ಲಾಸಿಗೆ ಬಂದಿದ್ದಳು.

ಆ ವರ್ಷ ಹೊಸ ರೈಟರ್ ಮಂಜುನಾಥ ಬಂದ. ಆಳುಗಳ ಲೆಕ್ಕ, ಕೆಲಸ, ಮನೆ ಎಲ್ಲ ಅವನ ಕೈಯಲ್ಲಿ. ಧಣಿ ಇರುವುದು ಬೆಂಗಳೂರಲ್ಲಿ, ಆದ್ದರಿಂದ ಎಸ್ಟೇಟಿಗೆ ರೈಟರೇ ಧಣಿ. ಅವನ ಒಬ್ಬಳೇ ಮಗಳು ಮಧುಶ್ರೀ. ಕಡ್ಡಿಯಂಥ ಹುಡುಗಿ. ಊಟ ಸೇರುತ್ತಿರಲಿಲ್ಲ. ಓತಿಕ್ಯಾತ ಕಂಡರೂ ಅಳುತ್ತಿದ್ದಳು. ಬಾಯಿ ಮಾತ್ರ ಜೋರು. ಹಾಸನದಲ್ಲಿ ಬಿಟ್ಟುಬಂದ ಗೆಳತಿಯರ ಬಗ್ಗೆ ಹೇಳಿಕೊಳ್ಳಲು ಅವಳಿಗೆ ಯಾರಾದರೂ ಬೇಕಿತ್ತು. ರೈಟರ್ ಮನೆಯ ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಶಾಲೆಯ ದಾರಿಯಲ್ಲಿ ಜೊತೆಗಿದ್ದವಳು ಗಂಗಾಮಣಿ ಒಬ್ಬಳೇ.

ಮೊದಮೊದಲು ಅವಳು ಹೇಳುತ್ತಿದ್ದಳು, ಇವಳು ಕೇಳುತ್ತಿದ್ದಳು. ಒಂದು ದಿನ ಮಧುಶ್ರೀ ಏನೋ ಕೇಳಿದಳು. ಗಂಗಾಮಣಿ ಉತ್ತರ ಹೇಳಲು ಹೋಗಿ ಸಿಕ್ಕಿಕೊಂಡಳು. ಮಧುಶ್ರೀ ಆ ಮಾತನ್ನು ತಾನೇ ಮುಗಿಸಲಿಲ್ಲ. ದಾರಿ ಪಕ್ಕದ ಕಲ್ಲಿನ ಮೇಲೆ ಕೂತಳು. "ಹೇಳು. ನಂಗೇನ್ ಅರ್ಜೆಂಟ್ ಇಲ್ಲ" ಅಂದಳು. ಕೂತೇ ಇದ್ದಳು. ಶಾಲೆಗೆ ತಡವಾಗಿ ಇಬ್ಬರೂ ಏಟು ತಿಂದರು.

ಆಮೇಲೆ ಬಸ್ಸಿನ ಆಟ ಶುರುವಾಯಿತು. ಕಂಡಕ್ಟರ್ ಆದಾಗ ಗಂಗಾಮಣಿಗೆ ಮಾತು ಸಿಕ್ಕಿಕೊಳ್ಳುತ್ತಿರಲಿಲ್ಲ. ರಾಗ ಎಳೆದು ಕೂಗುವಾಗ ಮಾತು ನೀರಿನ ಹಾಗೆ ಹರಿಯುತ್ತಿತ್ತು. ನಿಧಾನಕ್ಕೆ ಆಟ ಮುಗಿದ ಮೇಲೂ ಒಂದೆರಡು ಮಾತು ಸಲೀಸಾಗಿ ಬರತೊಡಗಿದವು. ಆಮೇಲೆ ಇನ್ನಷ್ಟು. ಅಂಗಡಿಗೆ ಹೋಗಿ ತಾನೇ "ಉಪ್ಪು ಕೊಡಿ" ಅಂದಳು. ಕ್ಲಾಸಲ್ಲಿ ಎದ್ದು ನಿಂತು ಪಾಠ ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ನೋಡಿದರಂತೆ. ಆ ಸಂಜೆ ಮನೆಗೆ ಬಂದವಳು, "ಅವ್ವ, ನಾನು ಓದ್ದೆ. ಪೂರ್ತಿ ಓದ್ದೆ" ಅಂದಳು. ಭದ್ರಮ್ಮ ಒಲೆಯ ಕಡೆ ತಿರುಗಿ ಕೂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಮಧುಶ್ರೀಯೂ ಬದಲಾದಳು. ಹಳ್ಳದಲ್ಲಿ ಏಡಿ ಹಿಡಿದಳು. ಸಿಲ್ವರ್ ಮರಕ್ಕೆ ಅರ್ಧ ಹತ್ತಿದಳು. ಲೈನಿಗೆ ಬಂದು ಭದ್ರಮ್ಮನ ಒಲೆ ಮುಂದೆ ಕೂತು ಏಡಿ ಸಾರಿನಲ್ಲಿ ಮುದ್ದೆ ನುಂಗಿದಳು. ಭದ್ರಮ್ಮ ಬಾಗಿಲ ಕಡೆ ನೋಡುತ್ತಲೇ ಬಡಿಸುತ್ತಿದ್ದಳು.

"ನಿಮ್ಮಮ್ಮಂಗೆ ಗೊತ್ತಾದ್ರೆ ನಮ್ ಚರ್ಮ ಸುಲಿತಾರೆ ಕಣವ್ವ."

"ನಾನ್ ಹೇಳಲ್ಲ ಅತ್ತೆ. ಇನ್ನೊಂದ್ ಏಡಿ ಹಾಕಿ."

ರೈಟರ್ ಹೆಂಡತಿ ಮಗಳ ಕೆನ್ನೆ ತುಂಬಿದ್ದು ಕಂಡು, ಮಲೆನಾಡಿನ ಗಾಳಿ ಒಗ್ಗಿತು ಅಂದುಕೊಂಡಳು.

ಭದ್ರಮ್ಮನ ಗಂಡ ಜವರಯ್ಯ ನೆರಳಿನ ಮರಗಳ ಕೊಂಬೆ ಕಡಿಯುವವನು. ಮರದ ತುದಿಯಲ್ಲಿ ನಿಂತಾಗ ಹೆದರದವನು, ರೈಟರ್ ಎದುರು ಬಂದರೆ ಟವೆಲ್ ಕಂಕುಳಿಗೆ ಸೇರಿಸುತ್ತಿದ್ದ. "ಈ ಸಾವಾಸ ಬ್ಯಾಡ ಕಣೇ" ಎಂದು ಅವನು ಎಚ್ಚರಿಸಿದ್ದ. ಭದ್ರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಬಾಯಿಂದ ಮಾತು ಬರುತ್ತಿತ್ತು. ಅವಳಿಗೆ ಅದರ ಮುಂದೆ ಬೇರೇನೂ ಕಾಣುತ್ತಿರಲಿಲ್ಲ.

ಕೊಯ್ಲು ಮುಗಿಯುತ್ತ ಬಂದಾಗ ಅದು ನಡೆಯಿತು. ರೈಟರ್ ಗಂಡ ಹೆಂಡತಿ ಆಲೂರಿಗೆ ಹೋಗಿದ್ದರು. ಮಧುಶ್ರೀ ಗೆಳತಿಯನ್ನು ಮನೆಗೆ ಕರೆದಳು. ಬಸ್ಸು ಜಗಲಿಯಿಂದ ಹೊರಟಿತು. ಹಜಾರ ಪಾಳ್ಯ. ಅಡುಗೆಮನೆ ಬಾಳ್ಳುಪೇಟೆ. ದೇವರ ಕೋಣೆ ಸಕಲೇಶಪುರ. ಗಂಗಾಮಣಿ ದೇವರ ಪಟಗಳ ಮುಂದೆ ನಿಂತು, "ಲಾಸ್ಟ್ ಸ್ಟಾಪ್, ಎಲ್ಲ ಇಳೀರಿ" ಎಂದು ಕೂಗುತ್ತಿರುವಾಗ ರೈಟರ್ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಭದ್ರಮ್ಮನನ್ನು ತೋಟದಿಂದ ಕರೆಸಿದರು. ಅವಳು ಮೂಟೆ ಅಲ್ಲೇ ಬಿಟ್ಟು ಓಡಿಬಂದಳು. ಗಂಗಾಮಣಿ ಅಂಗಳದಲ್ಲಿ ನಿಂತಿದ್ದಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು.

"ನಿನ್ ಮಗಳು ದೇವರ ಕೋಣೆ ಹೊಕ್ಕವ್ಳೆ" ಅಂದ ರೈಟರ್.

ಒಳಗೆ ಗಂಜಲ ಚಿಮುಕಿಸುತ್ತಿದ್ದರು. ಹೊರಗಿನ ಮೆಟ್ಟಿಲು, ಅಂಗಳ ತೊಳೆಯುವುದು ಭದ್ರಮ್ಮನ ಪಾಲಿಗೆ ಬಂತು. ಅವಳು ಮಂಡಿಯೂರಿ ಸಗಣಿ ನೀರಿನಲ್ಲಿ ಮಗಳ ಹೆಜ್ಜೆ ತಿಕ್ಕಿದಳು. ಕಾಫಿ ರೆಂಬೆ ಗೀರಿದ ಕೈಗಳಿಗೆ ನೀರು ಉರಿಯಿತು. ಮೇಲಿನ ಮೆಟ್ಟಿಲು ತಿಕ್ಕುವಾಗ, "ಅಲ್ಲಿಗೇ ನಿಲ್ಸು, ಹೊಸಲು ಮುಟ್ಬೇಡ" ಎಂಬ ಮಾತು ಒಳಗಿಂದ ಬಂತು.

ಎಲ್ಲ ಮುಗಿದ ಮೇಲೆ ರೈಟರ್ ಜಗಲಿಯ ಕುರ್ಚಿಯಲ್ಲಿ ಕೂತು ಹೇಳಿದ. "ನಾನ್ ಕೆಟ್ಟೋನಲ್ಲ ಭದ್ರ. ಹೊಡಿಯಲ್ಲ, ಬಡಿಯಲ್ಲ. ನಾಳೆ ಮಸ್ಟರ್‌ನಲ್ಲಿ ಎಲ್ರ ಮುಂದೆ ನಿನ್ ಮಗಳು ತಪ್ಪಾಯ್ತು ಅನ್ಲಿ. ಅಷ್ಟೇ. ಇಲ್ದಿದ್ರೆ ಲೈನ್ ಮನೆ ಖಾಲಿ ಮಾಡಿ."

ಎಷ್ಟು ಸಣ್ಣ ಶಿಕ್ಷೆ ಎಂದು ಲೈನಿನ ಜನ ಅಂದರು. ಹಿಂದಿನ ರೈಟರ್ ಆಗಿದ್ದರೆ ಬೆನ್ನು ಮುರಿಯುತ್ತಿದ್ದ ಅಂದರು. ಜವರಯ್ಯ ರೈಟರ್ ಕಾಲಿಗೆ ಬಿದ್ದು ಬಂದ. ಸಂಜೆ ಭದ್ರಮ್ಮ ಮಗಳನ್ನು ಎದುರು ಕೂರಿಸಿಕೊಂಡು ಗಲ್ಲ ಹಿಡಿದಳು.

"ಹೇಳು ಮಗ. ತಪ್ಪಾಯ್ತು ಅನ್ನು."

"ತ... ತ..."

"ಅನ್ನವ್ವ. ಒಂದೇ ಮಾತು."

"ನಾ... ನಾನು ಟಿ... ಟಿಕೆಟ್..." ಅಂದಳು ಮಗಳು. ಮುಂದೆ ಬರಲಿಲ್ಲ. ಭದ್ರಮ್ಮ ಅವಳ ಗಲ್ಲವನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಮಗುವಿನ ಕಣ್ಣಲ್ಲಿ ನೀರು ಬಂತು. ಆಗ ಬಿಟ್ಟಳು.

ಬೆಳಿಗ್ಗೆ ಸ್ಟೋರಿನ ಮುಂದಿನ ಕಾಫಿ ಕಣದಲ್ಲಿ ಆಳುಗಳೆಲ್ಲ ಸೇರಿದರು. ಬಾಯಿಂದ ಹಬೆ ಬರುವಷ್ಟು ಚಳಿ. ಗಂಗಾಮಣಿಯನ್ನು ನಡುವೆ ನಿಲ್ಲಿಸಿದರು. ಜಗಲಿಯ ಮೇಲೆ ರೈಟರ್ ಹೆಂಡತಿ ಮಗಳ ತೋಳು ಹಿಡಿದು ನಿಂತಿದ್ದಳು.

"ಮಧು, ಇವಳನ್ನ ಒಳಗೆ ನೀನ್ ಕರೆದ್ಯಾ?" ರೈಟರ್ ಎಲ್ಲರಿಗೂ ಕೇಳುವ ಹಾಗೆ ಕೇಳಿದ.

ಮಧುಶ್ರೀ ಗಂಗಾಮಣಿಯನ್ನು ನೋಡಿದಳು. ಗಂಗಾಮಣಿ ಅವಳನ್ನೇ ನೋಡುತ್ತಿದ್ದಳು. ತಾಯಿ ತೋಳು ಹಿಂಡಿದ್ದು ಭದ್ರಮ್ಮನಿಗೆ ಅಷ್ಟು ದೂರದಿಂದಲೂ ಕಂಡಿತು.

"ಅವಳೇ ಬಂದ್ಲು" ಅಂದಳು ಮಧುಶ್ರೀ. "ನಾನು ಬೇಡ ಅಂದೆ."

ಗಂಗಾಮಣಿಯ ಮುಖದಲ್ಲಿ ಏನೋ ಆರಿಹೋಯಿತು. ಭದ್ರಮ್ಮ ಅದನ್ನು ನೋಡಿದಳು. ಅವಳು ಸಾಯುವವರೆಗೂ ಮರೆಯಲಾರದ್ದು ಅದು.

"ಹೂಂ. ಹೇಳು" ಅಂದ ರೈಟರ್.

ಗಂಗಾಮಣಿ ಕಣ್ಣು ಮುಚ್ಚಿದಳು. ಕತ್ತಿನ ನರ ಉಬ್ಬಿತು. "ತ..." ಅಂದಳು. "ತ... ತ..." ಗಲ್ಲ ಅದುರಿತು. ಯಾರೋ ಕಿಸಕ್ಕೆಂದರು.

"ಟಿಕೆಟ್ ಕೊಡಕ್ಕೆ ಬಾಯಿ ಬರುತ್ತೆ, ಇದಕ್ ಬರಲ್ವಾ? ಪೂರ್ತಿ ಹೇಳು."

"ತ... ತ... ತ..."

ಈಗ ಹಲವರು ನಕ್ಕರು. ನಕ್ಕವರಲ್ಲಿ ಲೈನಿನವರೂ ಇದ್ದರು. ಗಂಗಾಮಣಿ ಮತ್ತೆ ಉಸಿರು ತೆಗೆದುಕೊಂಡಳು. ಇಡೀ ಮೈ ಸೆಟೆದು ಆ ಮಾತನ್ನು ನೂಕುತ್ತಿತ್ತು. ಲಂಗದ ಕೆಳಗೆ ಕಾಲಗುಂಟ ಉಚ್ಚೆ ಇಳಿದು ಕಣದ ಸಿಮೆಂಟಿನ ಮೇಲೆ ಹರಡಿತು. ಚಳಿಗೆ ಅದರಿಂದಲೂ ಹಬೆ ಎದ್ದಿತು. ನಗು ಜೋರಾಯಿತು.

ಭದ್ರಮ್ಮ ಸಾಲಿನಿಂದ ಹೊರಗೆ ಬಂದಳು. ಜವರಯ್ಯ ಸೆರಗು ಹಿಡಿದೆಳೆದ. ಬಿಡಿಸಿಕೊಂಡಳು. ಕಣದ ನಡುವೆ ಹೋಗಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕುಕ್ಕರಗಾಲಲ್ಲಿ ಕೂತು ಮಗಳ ಕಾಲು ಒರೆಸಿದಳು. ಆಮೇಲೆ ಎದ್ದು ನಿಂತಳು.

"ನನ್ ಮಗಳು ಹೇಳಲ್ಲ."

ನಗು ನಿಂತಿತು.

"ಏನಂದೆ?"

"ಹೇಳಲ್ಲ ಅಂದೆ ಸಾ. ಅವಳಿಗೆ ಆ ಮಾತು ಬರಲ್ಲ. ಬರಬಾರ್ದು. ನಿಮ್ ಮಗೀಗೆ ಹೊಟ್ಟೆ ಹಸಿದಾಗ ನನ್ ಒಲೆ ಮುಂದೆ ಉಂಡೈತೆ. ಅದಕ್ಕೆ ನಾನು ಯಾರ್ ಕೈಲೂ ತಪ್ಪಾಯ್ತು ಅನ್ನಿಸಿಲ್ಲ. ಕರೆದೋಳ ಮನೇಗೆ ನನ್ ಮಗಳು ಹೋದ್ಲು. ಆಡೋಕ್ ಹೋದ್ಲು. ಕದಿಯಕ್ಕಲ್ಲ."

ರೈಟರ್ ಹೆಂಡತಿಯ ಮುಖ ಬಿಳುಚಿತು. ಅವಳು ಮಗಳ ಕಡೆ ತಿರುಗಿದಳು. ಮಧುಶ್ರೀ ಬಿಕ್ಕಿ ಅಳತೊಡಗಿದಳು. ಆ ಅಳುವೇ ಉತ್ತರವಾಯಿತು.

"ಸಂಜೆ ಒಳಗೆ ಲೈನ್ ಖಾಲಿ ಆಗ್ಬೇಕು" ಅಂದ ರೈಟರ್.

ಮಧ್ಯಾಹ್ನಕ್ಕೇ ಅವರು ಹೊರಟರು. ಪಾತ್ರೆ, ಕಂಬಳಿ, ಒಂದು ಕತ್ತಿ. ಲೈನಿನ ಯಾವ ಬಾಗಿಲೂ ತೆರೆಯಲಿಲ್ಲ. ಗೇಟು ದಾಟುವವರೆಗೂ ಜವರಯ್ಯ ಒಂದೇ ಮಾತು ಹೇಳುತ್ತಿದ್ದ. "ಒಂದ್ ಮಾತು ಅಂದಿದ್ರೆ ಮುಗೀತಿತ್ತಲ್ಲೇ. ಮನೆ ಹಾಳ್ ಮಾಡ್ಬುಟ್ಟೆ."

ಘಾಟಿಯಲ್ಲಿ ರೈಲು ನಿಲ್ಲಿಸಿ, ಹಳೆ ಹಳಿ ಕಿತ್ತು ಹೊಸದು ಹಾಕುತ್ತಿದ್ದ ವರ್ಷಗಳು ಅವು. ಬೇರೆ ಎಸ್ಟೇಟುಗಳಿಗೆ ಸುದ್ದಿ ಮೊದಲೇ ಮುಟ್ಟಿತ್ತು, ಎಲ್ಲೂ ಸೇರಿಸಿಕೊಳ್ಳಲಿಲ್ಲ. ಹಳಿ ಕೆಲಸದ ಕಂಟ್ರಾಕ್ಟರ್ ಮಾತ್ರ ಏನೂ ಕೇಳಲಿಲ್ಲ. ಜವರಯ್ಯ ಆ ಕೆಲಸಕ್ಕೆ ಘಾಟಿಯ ನಡುವಿನ ಎಡಕುಮೇರಿಗೆ ಇಳಿದ. ಅಲ್ಲಿ ಸುತ್ತಲೂ ಕಾಡು, ಶಾಲೆಯಿಲ್ಲ. ಭದ್ರಮ್ಮ ಮಗಳಿಗೋಸ್ಕರ ಸಕಲೇಶಪುರದ ಹತ್ತಿರ ಹಳಿ ಕೂಲಿಗಳ ಶೆಡ್ಡಿನಲ್ಲೇ ಉಳಿದು ಜಲ್ಲಿ ಒಡೆದಳು. ಸುತ್ತಿಗೆ ಎತ್ತಿ, ಹೊಡೆದು, ಚೂರು ಗುಡ್ಡೆ ಹಾಕಬೇಕು. ಕಲ್ಲಿನ ಚೂರು ಕಣ್ಣಿಗೆ ಸಿಡಿಯುತ್ತಿತ್ತು. ಅಂಗೈ ಬಿರಿದು ಹಿಡಿಗೆ ರಕ್ತ ಹತ್ತುತ್ತಿತ್ತು. ಇದಾವುದೂ ಅವಳಿಗೆ ದೊಡ್ಡದಾಗಿರಲಿಲ್ಲ.

ಗಂಗಾಮಣಿ ಮಾತು ನಿಲ್ಲಿಸಿದ್ದಳು.

ಮೊದಲಿನ ಹಾಗೆ ಸಿಕ್ಕಿಕೊಳ್ಳುವುದೂ ಇಲ್ಲ. ಪ್ರಯತ್ನವನ್ನೇ ಬಿಟ್ಟಿದ್ದಳು. ಹಸಿವಾದರೆ ಮಡಕೆಯ ಹತ್ತಿರ ಹೋಗಿ ಕೂರುತ್ತಿದ್ದಳು. ಪೆಟ್ಟಾದರೆ ಸದ್ದಿಲ್ಲದೆ ಅಳುತ್ತಿದ್ದಳು. ಈಗ ಭದ್ರಮ್ಮ ಕಾಯಲು ಕಲಿತಿದ್ದಳು. ಸುತ್ತಿಗೆ ಕೆಳಗಿಟ್ಟು, ಮಗಳ ಮುಂದೆ ಕೂತು, "ಹೇಳು ಮಗ, ನಂಗೂ ಅವಸರ ಇಲ್ಲ" ಅನ್ನುತ್ತಿದ್ದಳು. ಮಗಳು ತಾಯಿಯ ಮುಖ ನೋಡಿ, ಎದ್ದು ಹೋಗುತ್ತಿದ್ದಳು. ಭದ್ರಮ್ಮ ಶೆಡ್ಡಿನ ಬೇರೆ ಮಕ್ಕಳನ್ನು ಕರೆದು ಬೆಲ್ಲ ಕೊಟ್ಟು, "ಇವಳ ಜೊತೆ ಆಡ್ರೋ" ಅಂದಳು. ಅವರು ಬೆಲ್ಲ ತಿಂದು ಹೋದರು.

ಹತ್ತಿರದ ಶಾಲೆಗೆ ಮಗಳನ್ನು ಕರೆದುಕೊಂಡು ಹೋದಳು. ಹೆಡ್ಮಾಸ್ಟರ್ ವೀರಯ್ಯ ವಯಸ್ಸಾದವರು, ಒರಟರಲ್ಲ. ಹೆಸರು ಕೇಳಿದರು. ಊರು ಕೇಳಿದರು. ಗಂಗಾಮಣಿ ನೆಲ ನೋಡಿದಳು.

"ಮೂಗ ಮಕ್ಳಿಗೆ ಇಲ್ಲಿ ಆಗಲ್ಲಮ್ಮ. ಹಾಸನದಲ್ಲಿ ಬೇರೆ ಶಾಲೆ ಐತೆ. ಅಲ್ಲಿಗ್ ಸೇರ್ಸು."

"ಮೂಗಿ ಅಲ್ಲ ಸಾ. ಮಾತಾಡ್ತಿದ್ಲು. ಓದ್ತಿದ್ಲು. ಪೂರ್ತಿ ಪಾಠ ಓದ್ತಿದ್ಲು."

"ಯಾವಾಗ?"

"ಹೋದ್ ವರ್ಷ."

ವೀರಯ್ಯ ಅವಳನ್ನು ಕನಿಕರದಿಂದ ನೋಡಿದರು. ಆ ಕನಿಕರ ಭದ್ರಮ್ಮನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಹೆತ್ತವರೆಲ್ಲ ಹೀಗೇ ಹೇಳುತ್ತಾರೆ ಎಂದು ಅವರು ತಿಳಿದಂತಿತ್ತು. ಮಗಳ ಮಾತು ಮುಗಿಯಲಿ ಎಂದು ಕಾದವಳು ಈ ಲೋಕದಲ್ಲಿ ಮಧುಶ್ರೀ ಒಬ್ಬಳೇ. ಆ ಬಾಯಿ ಬಿಡಿಸಬಲ್ಲವಳೂ ಅವಳೇ. ಭದ್ರಮ್ಮ ಹಲವು ದಿನ ಕಲ್ಲು ಒಡೆಯುತ್ತ ಅದನ್ನೇ ಯೋಚಿಸಿದಳು. ಕೊನೆಗೊಂದು ಭಾನುವಾರ ಮಗಳ ತಲೆ ಬಾಚಿ, ಬಸ್ಸು ಹತ್ತಿ, ಆ ಎಸ್ಟೇಟಿನ ಗೇಟಿನ ಮುಂದೆ ಇಳಿದಳು.

ಮಧುಶ್ರೀ ಜಗಲಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಮತ್ತೆ ಸೊರಗಿದ್ದಳು. ಗಂಗಾಮಣಿಯನ್ನು ಕಂಡು ಅರ್ಧ ಎದ್ದಳು. "ಒಳಗೆ ಹೋಗು" ಎಂದಿತು ತಾಯಿಯ ದನಿ. ಅವಳು ಪುಸ್ತಕ ಬಳಿದುಕೊಂಡು, ತಲೆಯೆತ್ತದೆ ಒಳಗೆ ಹೋದಳು.

ರೈಟರ್ ಹೊರಗೆ ಬಂದ. ಭದ್ರಮ್ಮ ಅಂಗಳದಲ್ಲೇ ನಿಂತು ಕೈ ಮುಗಿದಳು.

"ನಿಮ್ ಮಗೀನ ಒಂದ್ ಗಳಿಗೆ ಇವಳ ಜೊತೆ ಬುಡಿ ಸಾ. ಇಲ್ಲೇ, ನಿಮ್ ಕಣ್ಮುಂದೆ. ನಾವು ಮೆಟ್ಲು ಹತ್ತಲ್ಲ. ಇವಳಿಗೆ ಮಾತು ನಿಂತೋಗೈತೆ. ನಿಮ್ ಮಗಳು ಮಾತಾಡ್ಸಿದ್ರೆ ಬಂದ್ರೂ ಬರ್ಬೋದು."

ರೈಟರ್ ಅವಳ ಕೈ ನೋಡಿದ, ಕಾಲು ನೋಡಿದ. "ಅವತ್ತಿನ ಪೊಗರು ಎಲ್ಲೋಯ್ತು?"

ಭದ್ರಮ್ಮ ಮುಗಿದ ಕೈ ಇಳಿಸಲಿಲ್ಲ.

"ಅವತ್ತು ಹೇಳ್ಬೇಕಾದ್ದು ಹಂಗೇ ಐತೆ. ನಿನ್ ಮಗಳಿಗೆ ಬರಲ್ಲ, ಸರಿ. ನಿಂಗೆ ಬರುತ್ತಲ್ಲ. ನೀನ್ ಹೇಳು. ಆಮೇಲೆ ನೋಡಣ."

ಒಂದು ಮಾತು. ಭದ್ರಮ್ಮ ತನ್ನ ಬದುಕಿನಲ್ಲಿ ಅದನ್ನು ಎಷ್ಟೋ ಜನರ ಮುಂದೆ ಹೇಳಿದ್ದಳು. ಹಣ್ಣು ಉದುರಿದರೆ, ಮಸ್ಟರಿಗೆ ತಡವಾದರೆ, ದಾರಿಯಲ್ಲಿ ಎದುರಾದರೆ. ಮೈಯಲ್ಲಿ ಅದು ಉಸಿರಿನಷ್ಟು ಸಲೀಸಾಗಿ ಕೂತಿತ್ತು. ಮಗಳ ಮಾತಿಗೆ ಬದಲಾಗಿ ಅದು ಏನು ಮಹಾ? ಅವಳು ಮಂಡಿಯೂರಿದಳು. ತಾನೇ ಹಿಂದೊಮ್ಮೆ ತೊಳೆದ ಅಂಗಳ ಅದು.

"ತಪ್ಪಾ..."

ಸಣ್ಣದೊಂದು ಅಂಗೈ ಅವಳ ಬಾಯಿ ಮುಚ್ಚಿತು.

ಗಂಗಾಮಣಿ ಹಿಂದಿನಿಂದ ಬಂದು ಎರಡೂ ಕೈಗಳಿಂದ ತಾಯಿಯ ಬಾಯಿ ಅದುಮಿದ್ದಳು. ಹಲ್ಲು ತುಟಿಗೆ ಒತ್ತುವಷ್ಟು ಗಟ್ಟಿಯಾಗಿ. ಭದ್ರಮ್ಮ ಬಿಡಿಸಿಕೊಳ್ಳಲು ನೋಡಿದಳು. ಮಗು ಬಿಡಲಿಲ್ಲ. ಅವಳ ಮೂಗಿನಿಂದ ಉಸಿರು ಬುಸುಗುಡುತ್ತಿತ್ತು, ಕಣ್ಣು ಮಾತ್ರ ಮುಚ್ಚಿರಲಿಲ್ಲ. ತೆರೆದ ಕಣ್ಣಿನಿಂದ ರೈಟರನ್ನು ನೋಡುತ್ತಿದ್ದಳು.

"ಮೂಗಿಗೂ ಪೊಗರು" ಅಂದು ರೈಟರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಇಬ್ಬರೂ ವಾಪಸ್ ಬಸ್ಸು ಹತ್ತಿದರು. ಭದ್ರಮ್ಮನ ತುಟಿ ಒಡೆದಿತ್ತು. ರಕ್ತದ ರುಚಿ ನಾಲಗೆಗೆ ಹತ್ತುತ್ತಿತ್ತು. ಮಗಳ ಮಾತಿಗೋಸ್ಕರ ಹೋದವಳು ಅದನ್ನು ತರಲಿಲ್ಲ. ಗೆಳತಿಯನ್ನೂ ತರಲಿಲ್ಲ. ಇನ್ನು ಹೋಗಲು ಯಾವ ಬಾಗಿಲೂ ಇರಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಮಗಳ ಕೈ ಹಿಡಿದು ಶಾಲೆಗೆ ಹೋದಳು. ಕ್ಲಾಸು ನಡೆಯುತ್ತಿತ್ತು. ಚಪ್ಪಲಿ ಬಿಟ್ಟು ನೇರ ಒಳಗೆ ಬಂದಳು. ಕೊನೆಯ ಸಾಲು ಖಾಲಿಯಿತ್ತು. ಅಲ್ಲಿಗೆ ಹೋಗಲಿಲ್ಲ. ನಡುವಿನ ಸಾಲಿನಲ್ಲಿ ಜಾಗ ಕಂಡು ಮಗಳನ್ನು ಕೂರಿಸಿದಳು. ಅಕ್ಕಪಕ್ಕದ ಮಕ್ಕಳು ಚೀಲ ಎತ್ತಿಕೊಂಡು ಸರಿದರು.

"ಏನಮ್ಮ ಇದು" ಅಂದರು ವೀರಯ್ಯ. "ಹೇಳಿದ್ನಲ್ಲ, ಮಾತು ಬಾರದ ಮಗೀಗೆ ಇಲ್ಲಿ ಆಗಲ್ಲ ಅಂತ."

"ಮಾತು ಬಂದಾಗ ಬರ್ಲಿ ಸಾ. ಬರ್ದಿದ್ರೆ ಇಲ್ಲ. ಮಕ್ಕಳ ಜೊತೆ ಕೂರ್ಲಿ."

"ಇವಳ ಪಕ್ಕ ಯಾರೂ ಕೂರಲ್ಲ. ನೀನೇ ನೋಡ್ತಿದ್ದೀಯ."

ಭದ್ರಮ್ಮ ನೋಡಿದಳು. ಮಗಳ ಎರಡೂ ಬದಿಗೆ ಖಾಲಿ ನೆಲವಿತ್ತು. ಅವಳು ಸೀರೆ ಮಡಿಚಿ, ಸೊಂಟ ಹಿಡಿದುಕೊಂಡು, ಆ ಖಾಲಿ ಜಾಗದಲ್ಲಿ ಮಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಗಂಗಾಮಣಿ ತಾಯಿಯ ಕಡೆ ನೋಡಲಿಲ್ಲ. ಬೋರ್ಡಿನ ಕಡೆ ನೋಡುತ್ತಿದ್ದಳು.

"ಏಳಮ್ಮ" ಅಂದರು ವೀರಯ್ಯ.

ಭದ್ರಮ್ಮ ಏಳಲಿಲ್ಲ.